ಗೋಡೆ ಒಡೆಯುವ ಮೊದಲು ಹೊತ್ತು ನೋಡಿ

ನಮ್ಮ ಮಲಗುವ ಕೋಣೆಗೂ ಬಚ್ಚಲಿಗೂ ಒಂದೇ ಗೋಡೆ. ಅದರ ಬುಡದಲ್ಲಿ ಮೊದಲು ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದಿತು. ಬೆರಳಿನಿಂದ ಒತ್ತಿದರೆ ಒಡೆದು, ಒಳಗಿಂದ ಬಿಳಿ ಪುಡಿ ಉದುರುತ್ತಿತ್ತು. ಕೆಲವೇ ವಾರಗಳಲ್ಲಿ ಅದು ಮೊಣಕಾಲೆತ್ತರಕ್ಕೆ ಹಬ್ಬಿತು, ಬೀರುವಿನ ಹಿಂಬದಿಗೆ ಬೂಷ್ಟು ಹಿಡಿಯಿತು. ನೋಡಲು ಬಂದ ಮೊದಲ ಪ್ಲಂಬರ್ ಗೋಡೆಯನ್ನು ಒಂದೆರಡು ಸಲ ತಟ್ಟಿ, ‘ಬಚ್ಚಲಿನ ಟೈಲ್ಸ್ ಎಲ್ಲಾ ಕೀಳಿಸಿಬಿಡಿ, ಪೈಪ್ ಪೂರ್ತಿ ಹೊಸದು ಹಾಕೋಣ’ ಅಂದರು. ಇನ್ನೊಬ್ಬರು ವಾಟರ್‌ಪ್ರೂಫ್ ಬಣ್ಣ ಎರಡು ಕೋಟ್ ಹೊಡೆದರೆ ಸಾಕು ಅಂದರು. ಈ ಪಸೆ ಯಾವ ಹೊತ್ತಿನಲ್ಲಿ ಜಾಸ್ತಿಯಾಗುತ್ತದೆ, ಯಾವಾಗ ಕಡಿಮೆಯಾಗುತ್ತದೆ ಅಂತ ಇಬ್ಬರೂ ಕೇಳಲಿಲ್ಲ.

ಆ ಪ್ರಶ್ನೆಯೇ ನಮ್ಮ ಬಚ್ಚಲನ್ನು ಉಳಿಸಿತು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನೀರು ಸೋರುವ ಜಾಗ ಒಂದು, ಹೊರಗೆ ಕಾಣುವ ಜಾಗ ಇನ್ನೊಂದು. ಗೋಡೆಯೊಳಗೆ ತಲೆಯೆತ್ತರದಲ್ಲಿ ಜಿನುಗಿದ ನೀರು ಪೈಪಿಗಾಗಿ ಕೊರೆದ ಕಾಲುವೆಯಲ್ಲೇ ಇಳಿದು, ಟೈಲ್ಸ್ ಕೆಳಗಿನ ಗಾರೆಯಲ್ಲಿ ಅಡ್ಡಡ್ಡ ಹರಿದು, ಎಲ್ಲೋ ಸಂದು ಸಿಕ್ಕಲ್ಲಿ ಹೊರಬರುತ್ತದೆ. ಬಚ್ಚಲಿನ ನೆಲವನ್ನು ತಗ್ಗಿಸಿ, ಅದರಲ್ಲಿ ಪೈಪ್ ಹಾಯಿಸಿ, ಇಟ್ಟಿಗೆ ಚೂರು ತುಂಬಿ ಮುಚ್ಚಿದ ಮನೆಗಳಲ್ಲಂತೂ ಆ ತಗ್ಗಿನಲ್ಲೇ ನೀರು ತಿಂಗಳುಗಟ್ಟಲೆ ನಿಂತಿರುತ್ತದೆ. ಗೋಡೆಯ ಬುಡವೋ, ಬತ್ತಿ ಎಣ್ಣೆ ಹೀರುವ ಹಾಗೆ ಅದನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ನೀರು ಆರಿದಾಗ ಅದರೊಂದಿಗೆ ಬಂದ ಲವಣ ಹಿಂದುಳಿಯುತ್ತದೆ. ಬಣ್ಣದ ಕೆಳಗೆ ಕಂಡ ಬಿಳಿ ಪುಡಿ ಅದೇ. ಹಾಗಾಗಿ ಕಲೆ ಇದ್ದಲ್ಲಿ ಸುತ್ತಿಗೆ ಹಾಕಿದರೆ ಒದ್ದೆ ಗಾರೆ ಖಂಡಿತ ಸಿಗುತ್ತದೆ, ಸೋರಿಕೆ ಸಿಗದೇ ಹೋಗಬಹುದು.

ಜಾಗ ಹೀಗೆ ದಾರಿ ತಪ್ಪಿಸುತ್ತದೆ, ಆದರೆ ಹೊತ್ತು ತಪ್ಪಿಸುವುದಿಲ್ಲ. ಮನೆಯೊಳಗಿನ ಪಸೆಗೆ ಕಾರಣವಾಗುವ ನೀರು ಕೆಲವೇ ಬಗೆಯದು, ಪ್ರತಿಯೊಂದಕ್ಕೂ ಅದರದೇ ವೇಳಾಪಟ್ಟಿ ಇದೆ. ನಲ್ಲಿಗೆ ಬರುವ ನೀರಿನ ಪೈಪಿನಲ್ಲಿ ಪೂರೈಕೆ ಇರುವಷ್ಟು ಹೊತ್ತೂ ಒತ್ತಡ ಇರುತ್ತದೆ. ಅದು ಸೋರಿದರೆ ಹಗಲು ರಾತ್ರಿ ಅನ್ನದೆ, ನೀವು ಊರಲ್ಲಿ ಇಲ್ಲದಾಗಲೂ ಸೋರುತ್ತದೆ. ಬಳಸಿ ಬಿಟ್ಟ ನೀರು ಹೋಗುವ ಪೈಪು ಹೆಚ್ಚಿನ ಹೊತ್ತು ಖಾಲಿ, ಹಾಗಾಗಿ ಸ್ನಾನವಾದ ಮೇಲೆ, ಬಟ್ಟೆ ಒಗೆದ ಮೇಲೆ ಮಾತ್ರ ಸೋರುತ್ತದೆ. ಮನೆ ಬೀಗ ಹಾಕಿದ್ದರೆ ಗೋಡೆ ಆರತೊಡಗುತ್ತದೆ. ತಾರಸಿ, ಹೊರಗೋಡೆಯ ಬಿರುಕಿನಿಂದ ಬರುವ ನೀರಿಗೆ ಮಳೆಯೇ ಗಡಿಯಾರ. ಇನ್ನೊಂದು, ತಂಪು ಗೋಡೆಯ ಮೇಲೆ ಗಾಳಿಯ ಆವಿಯೇ ಹನಿಗಟ್ಟುವುದು. ಇದನ್ನು ಸೋರಿಕೆ ಎಂದುಕೊಂಡು ಗೋಡೆ ಒಡೆಸಿದವರಿದ್ದಾರೆ. ಇದನ್ನು ತಿಳಿಯುವುದು ಸುಲಭ: ಅಲ್ಯುಮಿನಿಯಂ ಹಾಳೆಯ ತುಂಡನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದೆರಡು ದಿನ ಬಿಡಿ. ಹಾಳೆಯ ಹೊರಮೈ ಒದ್ದೆಯಾಗಿದ್ದರೆ ನೀರು ಗಾಳಿಯದು, ಒಳಮೈ ಒದ್ದೆಯಾಗಿದ್ದರೆ ಗೋಡೆಯದು. ನಮ್ಮಲ್ಲಿ ಒಳಮೈ ಒದ್ದೆಯಾಗಿತ್ತು.

ಕಲೆಯ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದೆ. ಮಳೆ, ಬಟ್ಟೆ ಒಗೆದ ದಿನ, ಮನೆಯಲ್ಲಿ ಯಾರೂ ಇಲ್ಲದ ದಿನ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕತೊಡಗಿದೆ. ಸಣ್ಣ ಕೆಲಸ ಅನಿಸಬಹುದು. ಆದರೆ ಮುಂದೆ ಬಂದ ಪ್ರತಿಯೊಬ್ಬ ಕೆಲಸಗಾರನಿಗೂ ನಾನು ಮೊದಲು ತೋರಿಸಿದ್ದು ಆ ಪುಟವನ್ನೇ. ಅದನ್ನು ಓದಿ ನೋಡಿದವರಿಗೆ ಮಾತ್ರ ಕೆಲಸ ಕೊಟ್ಟೆ.

ಮೊದಲ ಪರೀಕ್ಷೆಗೆ ಯಾವ ಸಲಕರಣೆಯೂ ಬೇಡ. ನೀರು ನೇರವಾಗಿ ಮೀಟರ್ ಮೂಲಕ ನಲ್ಲಿಗೆ ಬರುವ ಮನೆಯಾದರೆ, ಎಲ್ಲ ನಲ್ಲಿ ಬಂದ್ ಮಾಡಿ ರೀಡಿಂಗ್ ಬರೆದುಕೊಳ್ಳಿ. ಒಂದೆರಡು ಗಂಟೆ ಯಾರೂ ನೀರು ಮುಟ್ಟದೆ ಇದ್ದು ಮತ್ತೆ ನೋಡಿ. ಬಹಳಷ್ಟು ಮೀಟರುಗಳ ಮುಖದಲ್ಲಿ ಒಂದು ಪುಟ್ಟ ತ್ರಿಕೋನವೋ ನಕ್ಷತ್ರದ ಆಕಾರದ ಚಕ್ರವೋ ಇರುತ್ತದೆ. ಅತಿ ಸಣ್ಣ ಹರಿವಿಗೂ ಅದು ತಿರುಗುತ್ತದೆ. ತಿರುಗುತ್ತಿದ್ದರೆ ಮನೆಗೆ ಬರುವ ಮುಖ್ಯ ವಾಲ್ವ್ ಮುಚ್ಚಿ. ಚಕ್ರ ನಿಂತರೆ ಸೋರಿಕೆ ಮನೆಯೊಳಗೆ, ನಿಲ್ಲದಿದ್ದರೆ ಮೀಟರಿಗೂ ಮನೆಗೂ ನಡುವೆ ನೆಲದಡಿಯಲ್ಲಿ.

ನಮ್ಮದು ತಾರಸಿಯ ಟ್ಯಾಂಕಿನಿಂದ ನೀರು ಇಳಿಯುವ ಮನೆ. ಇಂಥಲ್ಲಿ ಮೀಟರು ನೋಡಿ ಪ್ರಯೋಜನವಿಲ್ಲ, ಟ್ಯಾಂಕೇ ಮೀಟರು. ರಾತ್ರಿ ಎಲ್ಲರೂ ಮಲಗುವ ಮುಂಚೆ ಟ್ಯಾಂಕಿಗೆ ನೀರು ಬರುವ ದಾರಿ ಮುಚ್ಚಿ, ನೀರಿನ ಮಟ್ಟಕ್ಕೆ ಒಳಗೋಡೆಯ ಮೇಲೆ ಗುರುತು ಹಾಕಿದೆ. ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲೇ ಹೋಗಿ ನೋಡಿದರೆ ಮಟ್ಟ ಇಳಿದಿತ್ತು. 1 ಮೀಟರ್ ವ್ಯಾಸದ ದುಂಡು ಟ್ಯಾಂಕಿನಲ್ಲಿ 1 ಸೆಂಟಿಮೀಟರ್ ಇಳಿಯಿತೆಂದರೆ ಸುಮಾರು 8 ಲೀಟರ್ ಹೋಯಿತು ಅಂತ ಲೆಕ್ಕ. ಗಂಟೆಗೆ 1 ಲೀಟರ್ ಅನ್ನುವ ಸೋರಿಕೆ ಕಿವಿಗೆ ಕೇಳಿಸುವುದಿಲ್ಲ, ಕಣ್ಣಿಗೆ ಕಾಣಿಸುವುದಿಲ್ಲ. ಆದರೂ ತಿಂಗಳಿಗೆ 700 ಲೀಟರ್ ದಾಟುತ್ತದೆ, ಅಷ್ಟೂ ಗೋಡೆ ನೆಲಗಳೊಳಗೇ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರ. ಟ್ಯಾಂಕಿನ ಮಟ್ಟ ಇಳಿದ ಕೂಡಲೇ ಗೋಡೆಯನ್ನು ದೂರಬೇಡಿ, ಮೊದಲು ಕಮೋಡಿನ ಫ್ಲಶ್ ಟ್ಯಾಂಕ್ ನೋಡಿ. ಅದರ ತಳದ ರಬ್ಬರ್ ಮುಚ್ಚಳ ಸವೆದಿದ್ದರೆ ನೀರು ಸದ್ದಿಲ್ಲದೆ ಕಮೋಡಿಗೆ ಇಳಿಯುತ್ತಲೇ ಇರುತ್ತದೆ. ಅಡುಗೆ ಬಣ್ಣದ ಕೆಲವು ಹನಿಗಳನ್ನು ಫ್ಲಶ್ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಅಲ್ಲೇ ಸೋರಿಕೆ. ನಮ್ಮಲ್ಲಿ ಬಣ್ಣ ಕಾಣಲಿಲ್ಲ.

ಮುಂದಿನದು ವಾಲ್ವ್‌ಗಳ ಕೆಲಸ. ಒಂದು ರಾತ್ರಿ ಅಡುಗೆಮನೆಯ ಲೈನ್ ಮುಚ್ಚಿ ಮಟ್ಟ ನೋಡಿದೆ, ಇನ್ನೊಂದು ರಾತ್ರಿ ಗೀಸರಿಗೆ ಹೋಗುವ ವಾಲ್ವ್ ಮುಚ್ಚಿದೆ. ಗೀಸರ್ ಮುಚ್ಚಿದ ರಾತ್ರಿ ಟ್ಯಾಂಕಿನ ಮಟ್ಟ ಕದಲಲೇ ಇಲ್ಲ. ಅಂದರೆ ಸೋರುತ್ತಿರುವುದು ಬಿಸಿನೀರಿನ ಲೈನು. ಮನೆಯ ಎಲ್ಲ ಪೈಪುಗಳ ಪೈಕಿ ಒಂದೇ ಒಂದು ಉಳಿಯಿತು, ಅದೂ ಒಂದು ಟೈಲ್ ಕೂಡ ಅಲುಗಾಡದೆ.

ಆಮೇಲೆ ಸಿಕ್ಕವರು ಹಿರಿಯ ಮೇಸ್ತ್ರಿಯೊಬ್ಬರು. ನೋಟ್‌ಬುಕ್ ಓದಿ ತಲೆಯಾಡಿಸಿ, ಕೈಪಂಪು ಮತ್ತು ಒತ್ತಡ ತೋರಿಸುವ ಗೇಜ್ ತಂದರು. ಟ್ಯಾಂಕಿನಿಂದ ಇಳಿಯುವ ನೀರಿಗೆ ಒತ್ತಡ ಕಡಿಮೆ. ಒತ್ತಡವನ್ನು ಬಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 10 ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ 1 ಬಾರ್ ಅಂದರೆ, ನಲ್ಲಿಗಿಂತ 3 ಮೀಟರ್ ಮೇಲಿರುವ ಟ್ಯಾಂಕ್ ಕೊಡುವುದು 0.3 ಬಾರ್ ಮಾತ್ರ. ಇಷ್ಟು ಕಡಿಮೆ ಒತ್ತಡದಲ್ಲಿ ಕೂದಲೆಳೆಯ ಬಿರುಕು ತನ್ನ ಇರುವಿಕೆ ತೋರುವುದು ನಿಧಾನ. ಗೀಸರ್, ಬಿಸಿನೀರು ತಣ್ಣೀರು ಬೆರೆಸುವ ನಲ್ಲಿಯಾದ ಮಿಕ್ಸರ್, ಬಳುಕುವ ಹೋಸ್‌ಗಳನ್ನೆಲ್ಲ ಬಿಚ್ಚಿ, ಬಿಸಿನೀರಿನ ಲೈನಿನ ಬಾಯಿಗಳಿಗೆ ಪ್ಲಗ್ ಹಾಕಿ, ಒಳಗಿನ ಗಾಳಿ ಹೊರಬಿಟ್ಟು, ಪಂಪಿನಿಂದ ನಿಧಾನವಾಗಿ ಒತ್ತಡ ಏರಿಸಿದರು. ಗೇಜಿನ ಮುಳ್ಳು ನಮ್ಮ ಕಣ್ಣೆದುರೇ ಇಳಿಯಿತು. ತಣ್ಣೀರಿನ ಲೈನಿಗೂ ಅದೇ ಪರೀಕ್ಷೆ ಮಾಡಿದರು, ಅಲ್ಲಿ ಮುಳ್ಳು ನಿಂತಲ್ಲೇ ನಿಂತಿತು. ಹಳೆಯ ಪೈಪಿಗೆ ಮಿತಿಮೀರಿ ಒತ್ತಡ ಕೊಟ್ಟರೆ ಗಟ್ಟಿ ಇದ್ದ ಜಾಯಿಂಟೂ ಬಿಟ್ಟುಕೊಳ್ಳುತ್ತದೆ. ಅದಕ್ಕೇ ಇದನ್ನು ಅವಸರದವರ ಕೈಗೆ ಕೊಡಬಾರದು.

ಲೈನ್ ಯಾವುದೆಂದು ತಿಳಿದ ಮೇಲೆಯೇ ಯಂತ್ರಗಳ ಸರದಿ. ಥರ್ಮಲ್ ಕ್ಯಾಮೆರಾ ಗೋಡೆಯ ಒಳಗನ್ನು ತೋರಿಸುತ್ತದೆ ಅನ್ನುವವರ ಮಾತು ನಂಬಬೇಡಿ. ಅದು ತೋರಿಸುವುದು ಮೇಲ್ಮೈಯ ಉಷ್ಣತೆಯನ್ನು ಮಾತ್ರ. ನೀರು ಆವಿಯಾಗುವ ಜಾಗ ತಂಪಾಗಿ ಕಾಣುತ್ತದೆ, ಬಿಸಿನೀರು ಸೋರುವ ಜಾಗ ಬೆಚ್ಚಗೆ. ನಮ್ಮದು ಬಿಸಿನೀರಿನ ಲೈನಾಗಿದ್ದು ಅನುಕೂಲವೇ ಆಯಿತು. ಲೈನನ್ನು ತಣ್ಣಗಾಗಲು ಬಿಟ್ಟು, ಆಮೇಲೆ ಬಿಸಿನೀರು ಹರಿಸಿದಾಗ ಗೋಡೆಯ ಮೇಲೆ ಪೈಪಿನ ದಾರಿ ನೇರ ಗೆರೆಯಾಗಿ ಕಾಣಿಸಿತು. ಮಿಕ್ಸರಿನ ಹಿಂದೆ ಮಾತ್ರ ಆ ಗೆರೆ ಕೆಳಮುಖವಾಗಿ ಹರಡಿಕೊಂಡಿತು. ಕಿವಿಗಿಟ್ಟು ಕೇಳುವ ಉಪಕರಣವೂ ಇದೆ. ಒತ್ತಡದ ನೀರು ಬಿರುಕಿನಿಂದ ಹೊರಚಿಮ್ಮುವ ಸದ್ದನ್ನು ಅದು ಹಿಡಿಯುತ್ತದೆ. ಕಬ್ಬಿಣ, ತಾಮ್ರದ ಪೈಪುಗಳಲ್ಲಿ ಆ ಸದ್ದು ದೂರ ಹೋಗುತ್ತದೆ, ಪ್ಲಾಸ್ಟಿಕ್ ಪೈಪಿನಲ್ಲಿ ಬೇಗ ಅಡಗಿಬಿಡುತ್ತದೆ. ಇವೆರಡೂ ಕೈಕೊಟ್ಟರೆ 5 ಪ್ರತಿಶತ ಹೈಡ್ರೋಜನ್, 95 ಪ್ರತಿಶತ ನೈಟ್ರೋಜನ್ ಬೆರೆಸಿದ ಅನಿಲವನ್ನು ಖಾಲಿ ಪೈಪಿಗೆ ತುಂಬಿ, ಮೇಲಿನಿಂದ ಸೆನ್ಸರ್ ಹಿಡಿದು ಹುಡುಕುತ್ತಾರೆ. ಈ ಪ್ರಮಾಣದಲ್ಲಿ ಅದು ಹೊತ್ತಿಕೊಳ್ಳುವುದಿಲ್ಲ. ಹೈಡ್ರೋಜನ್ ಅತಿ ಸಣ್ಣ ಅಣುವಾದ್ದರಿಂದ ಗಾರೆಯನ್ನೂ ಟೈಲ್ಸ್ ಸಂದನ್ನೂ ದಾಟಿ ಮೇಲೆ ಬರುತ್ತದೆ. ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ.

ಎರಡು ಟೈಲ್ ತೆಗೆದೆವು, ಅಷ್ಟೇ. ಮಿಕ್ಸರಿಗೆ ಸೇರುವ ಕಡೆ ಪೈಪನ್ನು ತಿರುಗಿಸುವ ಎಲ್ಬೋ ಇತ್ತು, ಬಿಸಿನೀರಿಗೆ ಬಳಸುವ ಸಿಪಿವಿಸಿ ಎಂಬ ಪ್ಲಾಸ್ಟಿಕ್ಕಿನದು. ಅದರೊಳಗಿನ ಹಿತ್ತಾಳೆಯ ತಿರುಪಿನ ಬಳಿ ಪ್ಲಾಸ್ಟಿಕ್ ಸೀಳಿತ್ತು. ಮಿಕ್ಸರ್ ಕೂರಿಸುವಾಗ ಬೇಕಾದ್ದಕ್ಕಿಂತ ಹೆಚ್ಚು ಬಿಗಿದರೆ ಹೀಗಾಗುತ್ತದೆ. ಬಿಸಿಗೆ ಹಿಗ್ಗುವ, ತಣ್ಣಗಾದಾಗ ಕುಗ್ಗುವ ಅಳತೆ ಪ್ಲಾಸ್ಟಿಕ್ಕಿಗೊಂದು, ಹಿತ್ತಾಳೆಗೊಂದು. ವರ್ಷಗಟ್ಟಲೆ ಆ ಎಳೆದಾಟ ನಡೆದು ಬಿರುಕು ದೊಡ್ಡದಾಗುತ್ತದೆ. ಬಿರುಕಿನ ಮೇಲೆ ಅಂಟು ಮೆತ್ತುವುದಕ್ಕೆ ಮೇಸ್ತ್ರಿ ಒಪ್ಪಲಿಲ್ಲ. ಆ ತುಂಡನ್ನೇ ಕತ್ತರಿಸಿ ಹೊಸ ಎಲ್ಬೋ ಹಾಕಿ, ಅಂಟು ಗಟ್ಟಿಯಾಗಲು ಬೇಕಾದಷ್ಟು ಸಮಯ ಬಿಟ್ಟು, ಮತ್ತೆ ಗೇಜ್ ಕಟ್ಟಿದರು. ಮುಳ್ಳು ನಿಂತದ್ದನ್ನು ನೋಡಿದ ಮೇಲೆಯೇ ಗಾರೆ ಕಲಸಿದ್ದು. ಗೋಡೆ ತೆರೆದಿದ್ದಾಗ ನಾನು ಅಳತೆಪಟ್ಟಿ ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಂಡೆ. ಪೈಪ್ ಎಲ್ಲಿ ಹೋಗಿದೆಯೆಂದು ಮುಂದೆ ಯಾರೂ ಊಹಿಸಬೇಕಾಗಿಲ್ಲ.

ಇಷ್ಟಾದರೂ ಗೋಡೆ ಪೂರ್ತಿ ಆರಲಿಲ್ಲ. ಕಲೆಯ ಮೇಲಂಚು ಕೆಳಗಿಳಿಯಿತು, ಟ್ಯಾಂಕಿನ ಮಟ್ಟ ರಾತ್ರಿಯೆಲ್ಲ ಒಂದೇ ಕಡೆ ನಿಂತಿತು. ಆದರೆ ಗೋಡೆಯ ಬುಡದ ಪಟ್ಟಿಯಾದ ಸ್ಕರ್ಟಿಂಗ್ ಹತ್ತಿರ ಒಂದು ಗೇಣಷ್ಟು ಜಾಗ ಮಾತ್ರ ಹಟ ಹಿಡಿದಿತ್ತು. ನೋಟ್‌ಬುಕ್ ನೋಡಿದರೆ ಈಗ ವೇಳಾಪಟ್ಟಿಯೇ ಬದಲಾಗಿತ್ತು: ಎಲ್ಲರ ಸ್ನಾನ ಮುಗಿದ ಮೇಲೆ ಹೆಚ್ಚು, ಸಂಜೆಗೆ ಕಡಿಮೆ. ಜೊತೆಗೆ ಸಣ್ಣಗೆ ವಾಸನೆ. ವಾಷಿಂಗ್ ಮಷೀನ್ ನೀರು ಬಿಟ್ಟಾಗ ಬಚ್ಚಲಿನ ಜಾಲರಿಯಿಂದ ಗುಳುಗುಳು ಸದ್ದು ಬರುತ್ತಿತ್ತು. ಎರಡನೆಯ ಸೋರಿಕೆ ಬಳಸಿ ಬಿಟ್ಟ ನೀರಿನದ್ದೇ ಅನ್ನುವುದು ಸ್ಪಷ್ಟವಾಯಿತು. ಮೊದಲ ಸೋರಿಕೆಯ ಹಿಂದೆ ಇನ್ನೊಂದು ಅಡಗಿರಬಹುದು ಅನ್ನುವುದನ್ನು ರಿಪೇರಿ ಮಾಡಿಸುವವರೆಲ್ಲ ನೆನಪಿಡಬೇಕು. ಒಂದು ಸಿಕ್ಕ ಕೂಡಲೇ ಬಣ್ಣದವರನ್ನು ಕರೆಸಿದ್ದರೆ ಆ ಹಣ ನೀರಲ್ಲಿ ಹೋಗುತ್ತಿತ್ತು.

ಬಚ್ಚಲಿನಿಂದ ನೀರು ತಪ್ಪಿಸಿಕೊಳ್ಳಲು ಮೂರು ದಾರಿ: ನೆಲದ ಸಂದು, ಗೋಡೆಯ ಟೈಲ್ಸ್ ಸಂದು, ಹೊರಹೋಗುವ ಪೈಪು. ಮೂರನ್ನೂ ಒಂದೇ ದಿನ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ, ನಡುವೆ ಗೋಡೆ ಆರಲು ಬಿಡಬೇಕು. ಮೊದಲು ಜಾಲರಿಯ ಬಾಯಿಗೆ ಪ್ಲಗ್ ಹಾಕಿ, ನೆಲದ ಮೇಲೆ ಬಣ್ಣ ಕಲಸಿದ ನೀರನ್ನು ಒಂದೆರಡು ಇಂಚು ನಿಲ್ಲಿಸಿ 24 ಗಂಟೆ ಬಿಟ್ಟೆವು. ಕಲೆ ಬದಲಾಗಲಿಲ್ಲ. ಇನ್ನೊಂದು ದಿನ ಗೋಡೆಗೆ ಮಾತ್ರ ಶವರ್ ಹಿಡಿದೆವು. ಆಗಲೂ ಇಲ್ಲ. ಕೊನೆಗೆ ನೆಲ ಒದ್ದೆಯಾಗದ ಹಾಗೆ ಹೋಸನ್ನು ಜಾಲರಿಯೊಳಗೇ ಇಳಿಸಿ ನೀರು ಬಿಟ್ಟೆವು. ಸ್ವಲ್ಪ ಹೊತ್ತಿಗೆ ನೀರು ಒಳಗಿಳಿಯುವುದು ನಿಧಾನವಾಯಿತು, ಕಲೆ ಕಪ್ಪಾಗತೊಡಗಿತು. ಇಂಥ ಪರೀಕ್ಷೆಗೆ ವೃತ್ತಿಯವರು ಫ್ಲೋರೆಸೀನ್ ಎಂಬ ಹಸಿರು ಬಣ್ಣ ಬಳಸುತ್ತಾರೆ. 1871ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ ಮೊದಲು ತಯಾರಿಸಿದ ವಸ್ತು ಅದು. ಬಹಳ ತೆಳುವಾದರೂ ನೇರಳಾತೀತ ದೀಪದಲ್ಲಿ ಹೊಳೆಯುತ್ತದೆ.

ಇಲ್ಲಿ ವಾಸನೆಯ ಬಗ್ಗೆ ಒಂದು ಮಾತು. ಜಾಲರಿಯ ಕೆಳಗೆ ಟ್ರ್ಯಾಪ್ ಎಂಬ ನೀರು ಹಿಡಿದಿಡುವ ಭಾಗದಲ್ಲಿ ಸಾಮಾನ್ಯವಾಗಿ 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು. ಚರಂಡಿಯ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. ಬಳಸದ ಬಚ್ಚಲಿನಲ್ಲಿ ಅದು ಆರಿಹೋಗಿ ವಾಸನೆ ಬರುವುದುಂಟು, ಆಗ ಒಂದು ಚೊಂಬು ನೀರು ಸುರಿದರೆ ಸರಿಹೋಗುತ್ತದೆ. ನೀರು ಸುರಿದ ಮೇಲೂ ವಾಸನೆ ಉಳಿದರೆ ಪೈಪಿನಲ್ಲೇ ಎಲ್ಲೋ ಬಿರುಕಿರಬಹುದು, ಇಲ್ಲವೇ ಕಟ್ಟಿಕೊಂಡಿರಬಹುದು.

ಬಳಸಿದ ನೀರಿನ ಪೈಪಿಗೆ ಪಂಪಿನ ಒತ್ತಡ ಕೊಡುವಂತಿಲ್ಲ. ಅದಕ್ಕೆ ಕ್ಯಾಮೆರಾ ಇದೆ. ಉದ್ದನೆಯ ಕೇಬಲಿನ ತುದಿಯಲ್ಲಿ ದೀಪ, ಕ್ಯಾಮೆರಾ, ಜೊತೆಗೊಂದು ಟ್ರಾನ್ಸ್‌ಮಿಟರ್. ಅದರ ಸಂಕೇತವನ್ನು ನೆಲದ ಮೇಲಿನಿಂದ ಹಿಡಿದು, ಕ್ಯಾಮೆರಾ ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಗುರುತು ಹಾಕಬಹುದು. ಮನೆಯ ಹೊರಗಿನ ಚೇಂಬರಿನಿಂದ, ಅಂದರೆ ಚರಂಡಿ ಪೈಪುಗಳು ಸೇರುವ ಗುಂಡಿಯಿಂದ, ಕ್ಯಾಮೆರಾ ಒಳಬಿಟ್ಟಾಗ ಕಂಡಿದ್ದನ್ನು ಮರೆಯಲಾರೆ. ಹಳೆಯ ಸುಟ್ಟ ಮಣ್ಣಿನ ಪೈಪಿನ ಜಾಯಿಂಟಿನಿಂದ ನಾರಿನಂಥ ಬೇರುಗಳು ಪೈಪಿನ ಅರ್ಧದಷ್ಟನ್ನು ತುಂಬಿದ್ದವು. ಅದರಾಚೆ ಪೈಪ್ ಕುಸಿದು ಡೊಂಕಾಗಿ, ನೀರು ಅಲ್ಲೇ ಮಡುಗಟ್ಟಿತ್ತು. ಮುಂದೆ ಹೋಗಲಾಗದ ನೀರು ಹಿಂದೆ ಏರಿ, ಸಡಿಲಾದ ಜಾಯಿಂಟುಗಳಿಂದ ಗೋಡೆಯ ತಳಪಾಯದ ಮಣ್ಣಿಗೆ ಇಳಿಯುತ್ತಿತ್ತು. ಗಟ್ಟಿ ಪೈಪನ್ನು ಬೇರು ಕೊರೆಯುವುದು ಅಪರೂಪ. ಜಾಯಿಂಟಿನಿಂದ ಪಸೆ ಹೊರಬಂದಲ್ಲಿಗೆ ಬೇರು ಬರುತ್ತದೆ, ಸಂದಿನಲ್ಲಿ ನುಸುಳಿ ಒಳಗೆ ದಪ್ಪವಾಗುತ್ತದೆ. ಬೇರನ್ನು ಕತ್ತರಿಸಿ ತೆಗೆದರೆ ಕೆಲವು ತಿಂಗಳು ನೀರು ಸರಾಗ ಹರಿಯುತ್ತದೆ, ಸಂದು ಇರುವವರೆಗೆ ಬೇರು ಮತ್ತೆ ಬರುತ್ತದೆ. ಅಂಗಳದಲ್ಲಿ ಒಂದೇ ಕಡೆ ಹುಲ್ಲು ಅತಿಯಾಗಿ ಹಸಿರಾಗಿದ್ದರೆ, ಮಣ್ಣು ಸದಾ ಮೆತ್ತಗಿದ್ದರೆ ಅದರಡಿ ಏನು ಹಾದುಹೋಗಿದೆ ಅಂತ ನೋಡಿ.

ಚೇಂಬರ್ ಸ್ವಚ್ಛ ಮಾಡುವಾಗ ಬಂದ ಹುಡುಗನೊಬ್ಬ ಒಳಗಿಳಿಯಲು ಸಿದ್ಧನಾದ. ನಾನು ಬಿಡಲಿಲ್ಲ. ಮುಚ್ಚಿದ ಮೋರಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಇರಬಹುದು. ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದಾಗ, ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟಿದ ಮೇಲೆ, ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ. ಇನ್ನೂ ಹೆಚ್ಚಾದರೆ ಮನುಷ್ಯ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ವಾಸನೆ ಇಲ್ಲ, ಹಾಗಾದರೆ ಅಪಾಯವಿಲ್ಲ ಅನ್ನುವ ನಂಬಿಕೆ ಎಷ್ಟು ಜನರ ಪ್ರಾಣ ತೆಗೆದಿದೆ! ಮನೆಯ ಮಾಲೀಕರಾಗಿ ನಾವು ಯಾರನ್ನೂ, ಎಷ್ಟೇ ಅವಸರವಿದ್ದರೂ, ಒಳಗೆ ಇಳಿಸಬಾರದು. ಒತ್ತಡದ ನೀರಿನ ಜೆಟ್ಟು, ಹೀರುವ ಯಂತ್ರ, ಕ್ಯಾಮೆರಾ ಎಲ್ಲವೂ ಮೇಲೆ ನಿಂತೇ ನಡೆಸುವಂಥವು.

ರಿಪೇರಿಗೆ ಎರಡು ದಾರಿ ಇತ್ತು. ಒಂದು, ಅಗೆಯದೆ ಹಳೆಯ ಪೈಪಿನೊಳಗೆ ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆ ತೂರಿಸಿ, ಅದನ್ನು ಉಬ್ಬಿಸಿ, ಗಟ್ಟಿಯಾಗಿಸಿ, ಪೈಪಿನೊಳಗೊಂದು ಪೈಪ್ ಮಾಡುವುದು. ಇದಕ್ಕೆ ಲೈನಿಂಗ್ ಅನ್ನುತ್ತಾರೆ. 1971ರಲ್ಲಿ ಲಂಡನ್ನಿನಲ್ಲಿ ಎರಿಕ್ ವುಡ್ ಎಂಬವರು ಮೊದಲು ಮಾಡಿದ ವಿಧಾನ. ಬಿರುಕಿಗೂ ಬೇರಿಗೂ ಅದು ಒಳ್ಳೆಯ ಮದ್ದು. ಆದರೆ ಕುಸಿದ ಪೈಪಿನೊಳಗೆ ಹಾಕಿದರೆ ಹೊಸ ಕೊಳವೆಯೂ ಅದೇ ಡೊಂಕನ್ನು ಹಿಡಿಯುತ್ತದೆ, ಮಡು ಹಾಗೇ ಉಳಿಯುತ್ತದೆ. ಕ್ಯಾಮೆರಾದಲ್ಲಿ ಮಡು ಕಂಡಿದ್ದರಿಂದ ನಾವು ಅಗೆಸುವುದನ್ನೇ ಆರಿಸಿಕೊಂಡೆವು. ಲೈನಿಂಗ್ ಮಾಡಿಸಿ ಅನ್ನುವವರು ಮೊದಲು ಪೂರ್ತಿ ವಿಡಿಯೋ ತೋರಿಸಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೊಸ ಪಿವಿಸಿ ಪೈಪನ್ನು ಮರಳಿನ ಹಾಸಿನ ಮೇಲೆ, ಸುಮಾರು 40 ಅಡಿಗೆ 1 ಅಡಿಯಷ್ಟು ಇಳಿಜಾರಿನಲ್ಲಿ ಕೂರಿಸಿದರು. ಮಣ್ಣು ಮುಚ್ಚುವ ಮೊದಲು ಕೆಳತುದಿಗೆ ಪ್ಲಗ್ ಹಾಕಿ, ನೀರು ತುಂಬಿ, ಮಟ್ಟ ನಿಲ್ಲುತ್ತದೆಯೇ ಅಂತ ಕಾದು ನೋಡಿದೆವು.

ಅಗೆದಾಗ ಗೊತ್ತಾದ ಇನ್ನೊಂದು ಸಂಗತಿ ನನ್ನ ನಿದ್ದೆ ಕೆಡಿಸಿತು. ಒಡೆದ ಜಾಯಿಂಟಿಗೂ ನಮ್ಮ ನೆಲದಡಿಯ ನೀರಿನ ತೊಟ್ಟಿಗೂ ನಡುವೆ ಇದ್ದದ್ದು ಕೆಲವೇ ಅಡಿ ಮಣ್ಣು. ಅವತ್ತಿನಿಂದಲೇ ಆ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ನಿಲ್ಲಿಸಿದೆವು. ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟೆವು. ವರದಿಯಲ್ಲಿ, ಚರಂಡಿಯ ನೀರು ಬೆರೆತಿರಬಹುದೆಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇತ್ತು. ತೊಟ್ಟಿ ಖಾಲಿ ಮಾಡಿ, ಉಜ್ಜಿ ತೊಳೆದು, ಗೋಡೆಯ ಬಿರುಕು ಮುಚ್ಚಿ, ಕ್ಲೋರಿನ್ ಹಾಕಿಸಿ, ಮತ್ತೆ ಪರೀಕ್ಷೆ ಮಾಡಿಸಿ, ವರದಿ ಶುದ್ಧ ಬಂದ ಮೇಲೆಯೇ ಬಳಸಿದ್ದು. ನೀರಿನ ಪೈಪಿನ ಸೋರಿಕೆಯೂ ಹೀಗೆಯೇ. ಒತ್ತಡ ಇದ್ದಾಗ ನೀರು ಹೊರಗೆ ಹೋಗುತ್ತದೆ, ಪೂರೈಕೆ ನಿಂತು ಒತ್ತಡ ಇಳಿದಾಗ ಅದೇ ತೂತಿನಿಂದ ಸುತ್ತಲಿನ ಕೊಳಕು ಒಳಗೆ ಬರಬಹುದು. ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಪದೇ ಪದೇ ಹೊಟ್ಟೆ ಕೆಟ್ಟು ಮಲಗುತ್ತಿದ್ದರೆ ಗೋಡೆಯ ಕಲೆಗಿಂತ ಮೊದಲು ನೀರಿನ ಪರೀಕ್ಷೆ ಮಾಡಿಸಿ.

ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದ್ದರೆ ಎಲ್ಲಕ್ಕಿಂತ ಮೊದಲು ಆ ಸರ್ಕೀಟಿನ ಕರೆಂಟ್ ತೆಗೆಸಿ. 30 ಮಿಲಿಆಂಪಿಯರ್ ಕರೆಂಟ್ ಸೋರಿದರೂ ತಾನಾಗಿಯೇ ಬಂದ್ ಆಗುವ ಸುರಕ್ಷಾ ಸ್ವಿಚ್, ಅಂದರೆ ಆರ್‌ಸಿಸಿಬಿ ಮನೆಯಲ್ಲಿ ಇರಲೇಬೇಕು. ಅದು ಪದೇ ಪದೇ ಬಿದ್ದುಹೋಗುವುದೂ ಗೋಡೆಯೊಳಗೆ ನೀರಿರುವ ಸೂಚನೆಯಾಗಿರಬಹುದು.

ಆಮೇಲಿನದು ಕಾಯುವ ಕೆಲಸ. ಸೋರಿಕೆ ನಿಂತ ದಿನ ಗೋಡೆ ಆರುವುದಿಲ್ಲ. ಹಾಳಾದ ಗಾರೆಯನ್ನು ಕೆರೆಸಿ, ಬೀರುವನ್ನು ದೂರ ಸರಿಸಿ, ಕಿಟಕಿ ತೆರೆದು ಫ್ಯಾನ್ ಹಾಕಿಟ್ಟೆವು. ಮೇಲೆ ಬಂದ ಬಿಳಿ ಲವಣವನ್ನು ಒಣ ಬ್ರಷ್ಷಿನಿಂದಲೇ ಉಜ್ಜಿ ತೆಗೆದೆವು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ತೇವ ಅಳೆಯುವ ಮೀಟರಿನಲ್ಲಿ ಈ ಗೋಡೆಯನ್ನೂ, ಇನ್ನೊಂದು ಕೋಣೆಯ ಒಣ ಗೋಡೆಯನ್ನೂ ಜೊತೆಜೊತೆಗೆ ಅಳೆಯುತ್ತಿದ್ದೆ. ಲವಣ ಇದ್ದಲ್ಲಿ ಮೀಟರು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ, ಹಾಗಾಗಿ ಒಂದೇ ಅಂಕಿಯನ್ನು ನಂಬಬಾರದು, ಅಂಕಿ ಇಳಿಯುತ್ತಿದೆಯೇ ಅನ್ನುವುದನ್ನು ನೋಡಬೇಕು. ಎರಡೂ ಗೋಡೆಯ ಅಂಕಿ ಹತ್ತಿರ ಬಂದ ಮೇಲೆ ಹೊಸ ಗಾರೆ ಹಾಕಿಸಿ, ಅದು ಒಣಗಿದ ಮೇಲೆ ಗೋಡೆ ಉಸಿರಾಡಲು ಬಿಡುವಂಥ ಬಣ್ಣ ಬಳಿಸಿದೆವು.

ಮಿಕ್ಸರಿನ ಹಿಂಬದಿಗೆ, ಮಲಗುವ ಕೋಣೆಯ ಕಡೆಯಿಂದ, ಬಿಚ್ಚಬಹುದಾದ ಸಣ್ಣ ಬಾಗಿಲೊಂದನ್ನು ಇಡಿಸಿದ್ದೇನೆ. ಪೈಪುಗಳ ಫೋಟೋ, ಕ್ಯಾಮೆರಾದ ವಿಡಿಯೋ, ಯಾವ ವಾಲ್ವ್ ಯಾವ ಲೈನಿನದು ಅನ್ನುವ ಚಿತ್ರ ಒಂದೇ ಫೈಲಿನಲ್ಲಿವೆ. ವಾಲ್ವ್‌ಗಳ ಮೇಲೂ ಚೀಟಿ ಅಂಟಿಸಿ, ಮನೆಯವರೆಲ್ಲರ ಕೈಯಲ್ಲೂ ಒಮ್ಮೆ ಮುಚ್ಚಿಸಿ ತೆಗೆಸಿದ್ದೇನೆ. ಟ್ಯಾಂಕಿನ ಒಳಗೋಡೆಯ ಗುರುತನ್ನು ಈಗಲೂ ಆಗಾಗ ರಾತ್ರಿ ಹಾಕಿ ಬೆಳಿಗ್ಗೆ ನೋಡುತ್ತೇನೆ.